ವಚನಪಿತಾಮಹ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು

ನಮ್ಮ ನಾಡಿನ ಎಷ್ಟೋ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ದೇವರ ಜಗಲಿಯ ಮಗ್ಗುಲಿಗೆ ಮಡಿವಸ್ತ್ರದಲ್ಲಿ ಸುತ್ತಿದ ತಾಡವೋಲೆಯ ಕಟ್ಟೊಂದು ಇರುತ್ತಿದ್ದಿತು. ಹಬ್ಬಹರಿದಿನಗಳಲ್ಲಿ ಅದಕ್ಕೆ ವಿಭೂತಿಯನ್ನು ಧರಿಸಿ, ಪತ್ರಿಪುಷ್ಪಗಳನ್ನು ಏರಿಸಿ, ಮರಳಿ ಅದರ ಸ್ಥಾನದಲ್ಲಿಯೇ ಇಡುತ್ತಿದ್ದರು. ಒಳಗೇನಿದೆಯೆಂದು ಕೇಳಿದರೆ ಶರಣರ ವಾಕ್ಯವಿದೆಯೆಂದು ಹಿರಿಯರು ಹೇಳುವರು. ಯಾವ ಶರಣರದೆಂದು ಕೇಳಿದರೆ ಅವರಿಗೂ ತಿಳಿಯದು. ಈ ಭಕ್ತಿಯೇ ಆ ಓಲೆಗಳನ್ನು ನೂರಾರು ವರ್ಷ ಕಾಪಾಡಿತೆಂಬುದನ್ನು ಮರೆಯಲಾಗದು. ಆದರೆ ಅದೇ ಭಕ್ತಿಯು ಅವುಗಳ ಬಾಯಿಯನ್ನೂ ಕಟ್ಟಿತ್ತು. ಪೂಜೆಯ ಓಲೆ ಬೇರೆ, ಲೆಕ್ಕದ ಓಲೆ ಬೇರೆ ಎಂಬ ಭೇದವು ಗೆದ್ದಲಿಗೆ ತಿಳಿಯದಷ್ಟೆ. ಆ ಕಟ್ಟುಗಳನ್ನು ಬಿಚ್ಚಿ ಓದಿದ ಮಹನೀಯರೊಬ್ಬರ ಜೀವನವನ್ನು ಈ ಮಹೋತ್ಸವದ ಸಂಪುಟದಲ್ಲಿ ಭಕ್ತರ ಮುಂದಿಡುವದು ಉಚಿತವೆನಿಸಿದೆ.

ಶ್ರೀ ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಾಲಾಶಿಕ್ಷಕರು, ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು. ತಾಯಿ ದಾನಮ್ಮನವರು ಮಗನ ಬಾಲ್ಯದಲ್ಲಿಯೇ ಲಿಂಗೈಕ್ಯರಾದರು. ಧಾರವಾಡದ ವಿದ್ಯಾಭ್ಯಾಸವು ಮುಗಿದ ಮೇಲೆ ಫಕೀರಪ್ಪನವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಆಲೂರ ವೆಂಕಟರಾಯರ ಸಹವಾಸವು ಅವರಿಗೆ ದೊರೆತದ್ದು ಆ ದಿನಗಳಲ್ಲಿಯೇ. ಮರಾಠಿಗರೂ ಗುಜರಾಥಿಗಳೂ ತಮ್ಮ ತಮ್ಮ ಭಾಷೆಗಾಗಿ ಸಂಘಗಳನ್ನು ಕಟ್ಟಿ, ಗ್ರಂಥಗಳನ್ನು ಅಚ್ಚುಹಾಕಿಸಿ, ಪತ್ರಿಕೆಗಳನ್ನು ನಡೆಯಿಸುವದನ್ನು ಕಂಡು, ಕನ್ನಡಿಗರಾದ ಈ ತರುಣರ ಮನಸ್ಸಿನಲ್ಲಿ ನಾಚಿಕೆಯೂ ಛಲವೂ ಒಟ್ಟಿಗೆ ಮೂಡಿದವು. 1901ರಲ್ಲಿ ಬಿ. ಎ. ಪದವಿಯನ್ನೂ 1904ರಲ್ಲಿ ವಕೀಲಿಯ ಪದವಿಯನ್ನೂ ಪಡೆದು, ಕೆಲಕಾಲ ಬೆಳಗಾವಿಯಲ್ಲಿದ್ದು, ಅವರು ವಿಜಾಪುರಕ್ಕೆ ಬಂದು ನೆಲೆನಿಂತರು. ಇಂದು ವಿಜಯಪುರವೆನಿಸಿದ ಆ ಊರೇ ಅವರ ಕಾಯಕಭೂಮಿಯಾಯಿತು.

ವಕೀಲಿಯಲ್ಲಿ ಅವರು ಬೇಗನೆ ಹೆಸರಾದರು. ಸರಕಾರಿ ವಕೀಲರೂ ಆದರು. ಮನಸ್ಸು ಮಾಡಿದ್ದರೆ ಬಂಗಲೆ ಕಟ್ಟಿಸುವದು ಕಷ್ಟವಿರಲಿಲ್ಲ. ಬರಗಾಲಕ್ಕೆ ಹೆಸರಾದ ಆ ಜಿಲ್ಲೆಯಲ್ಲಿ ಜನರ ಸ್ಥಿತಿಯನ್ನು ನೋಡಿದ ಅವರು 1910ರಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕನ್ನೂ ಸ್ಥಾಪಿಸಲು ಮುಂದಾದರು. ಪುರಸಭೆಯ ಕಾರ್ಯ, ಮುಂಬಯಿ ಕಾಯದೆ ಕೌನ್ಸಿಲಿನ ಸದಸ್ಯತ್ವ, ನೇಕಾರರ ಸಹಕಾರಿ ಉದ್ಯೋಗ, ಇವೆಲ್ಲವನ್ನು ವಿಸ್ತರಿಸಿದರೆ ಬೇರೊಂದು ಲೇಖನವೇ ಆದೀತು.

ಈ ಶತಕದ ಹಿಂದಿನ ಶತಕವು ಇನ್ನೂ ಎಳೆಯದಿದ್ದಾಗ, ನೇಕಾರರ ಊರುಗಳಾದ ರಬಕವಿ ಬನಹಟ್ಟಿಗಳ ಕಡೆಗೆ ಹೋಗಿದ್ದ ಅವರಿಗೆ ಒಬ್ಬ ಭಕ್ತರ ಮನೆಯಲ್ಲಿ ವಚನಗಳ ಓಲೆಗ್ರಂಥಗಳು ಕಣ್ಣಿಗೆ ಬಿದ್ದವು. ಅಂದಿನಿಂದ ಅವರಿಗೆ ಇದೇ ಧ್ಯಾನವಾಯಿತು. ಅವರಿಗಿಂತ ಮೊದಲು ವಚನಗಳೇ ಅಚ್ಚಾಗಿರಲಿಲ್ಲವೆಂದು ಹೇಳುವದು ಅತಿಶಯೋಕ್ತಿಯಾದೀತು. ಕೆಲವು ಗ್ರಂಥಗಳು ಬೆಳಕು ಕಂಡಿದ್ದವು. ಆದರೆ ಅಲ್ಲೊಂದು ಇಲ್ಲೊಂದು ದೀಪವು ಹತ್ತಿದ ಮಾತ್ರಕ್ಕೆ ಊರು ಕಾಣುವದಿಲ್ಲ. ಇಡಿಯ ಊರನ್ನು ಕಾಣಬೇಕೆಂದು ಹೊರಟವರು ಹಳಕಟ್ಟಿಯವರು.

ಈ ಕೆಲಸದ ಕಷ್ಟವನ್ನು ಓಲೆಯನ್ನು ಕೈಯಲ್ಲಿ ಹಿಡಿದವರೇ ಬಲ್ಲರು. ಅಕ್ಷರಗಳು ಹಳೆಯ ಮೋಡಿಯವು. ಪದಪದಗಳ ನಡುವೆ ತೆರಪಿಲ್ಲ. ಒಂದು ವಚನವು ಮುಗಿದು ಇನ್ನೊಂದು ಮೊದಲಾಗುವದೂ ಒಮ್ಮೊಮ್ಮೆ ತಿಳಿಯದು. ಅಂಚು ಮುರಿದ ಓಲೆಯಲ್ಲಿ ಸಾಲಿನ ತುದಿಯೇ ಇಲ್ಲ. ಗ್ರಂಥವನ್ನು ಇಟ್ಟುಕೊಂಡವರು ಅದನ್ನು ಮನೆಯಿಂದ ಹೊರಗೆ ಕೊಡಲು ಹಿಂಜರಿದರೆ, ಅಲ್ಲಿಯೇ ಕುಳಿತು ಪ್ರತಿಮಾಡಿಕೊಳ್ಳಬೇಕು. ಹೀಗೆ ಊರೂರು ತಿರುಗಿ ಕೂಡಿಸಿದ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ನೋಡುವದರಲ್ಲಿ ಅವರಿಗೆ ನ್ಯಾಯಾಲಯದ ಅಭ್ಯಾಸವೂ ನೆರವಾಗಿರಬೇಕೆಂದು ನನಗೆ ತೋರುತ್ತದೆ. ದಸ್ತೈವಜನ್ನು ನಂಬುವ ಮೊದಲು ಅದರ ಸಹಿಯನ್ನು ನೋಡುವದು ವಕೀಲರ ರೂಢಿಯಲ್ಲವೆ? ವಚನದ ಸಹಿಯೇ ಅಂಕಿತ. ಕೂಡಲಸಂಗಮದೇವನೆಂದಿದ್ದರೆ ಬಸವಣ್ಣನವರದು, ಗುಹೇಶ್ವರನೆಂದಿದ್ದರೆ ಪ್ರಭುದೇವರದು, ಚೆನ್ನಮಲ್ಲಿಕಾರ್ಜುನನೆಂದಿದ್ದರೆ ಮಹಾದೇವಿಯಕ್ಕನದು ಎಂಬುದು ಬಹುಜನರಿಗೆ ತಿಳಿದಿದ್ದಿತು. ಆದರೆ ಕಟ್ಟಿನೊಳಗೆ ಚಂದೇಶ್ವರಲಿಂಗ, ಗವರೇಶ್ವರ, ಕಲಿದೇವರದೇವ, ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂದು ಮುಗಿಯುವ ಮಾತುಗಳೂ ಇದ್ದವು. ಇವರಾರು?

ಈ ಪ್ರಶ್ನೆಯ ಬೆನ್ನುಹತ್ತಿ ಹೋದಂತೆ ಕಲ್ಯಾಣದ ಒಂದೊಂದೇ ಮನೆಯ ಬಾಗಿಲು ತೆರೆಯತೊಡಗಿತು. ಚಂದೇಶ್ವರಲಿಂಗವೆಂದವರು ಹುಲ್ಲು ಕೊಯ್ದು ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು. ಗವರೇಶ್ವರನೆಂದವರು ಬುಟ್ಟಿ ಮೊರಗಳನ್ನು ಹೆಣೆಯುವ ಮೇದಾರ ಕೇತಯ್ಯನವರು. ಕಲಿದೇವರದೇವನೆಂದವರು ಬಟ್ಟೆ ಮಡಿಮಾಡುವ ಮಾಚಿದೇವರು. ಅಮರೇಶ್ವರಲಿಂಗವನ್ನು ಗಂಡನ ಹೆಸರಿನೊಡನೆ ಕೂಡಿಸಿ ಹೇಳಿದವರು ಆಯ್ದಕ್ಕಿ ಲಕ್ಕಮ್ಮನವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಜಂಗಮದಾಸೋಹ ಮಾಡುವದು ಆ ದಂಪತಿಗಳ ಕಾಯಕ. ದನ ಕಾಯುವವರು, ಸೌದೆ ಮಾರುವವರು, ವೈದ್ಯರು, ನೂಲು ತೆಗೆಯುವ ಹೆಣ್ಣುಮಕ್ಕಳು, ಹೀಗೆ ಕೈಕಸುಬಿನ ಹೆಸರೇ ಮನುಷ್ಯನ ಹೆಸರಿಗೆ ಮೊದಲು ಬರುವ ಕವಿಗಳ ಮೇಳವು ಓಲೆಗಳೊಳಗಿಂದ ಎದ್ದು ಬಂದಿತು. ಅರಸರ ಆಸ್ಥಾನದಲ್ಲಿ ಒಬ್ಬರೊಬ್ಬರಾಗಿ ಬಿರುದು ಹೊತ್ತ ಕವಿಗಳನ್ನು ಕನ್ನಡವು ಕಂಡಿದ್ದಿತು. ಒಬ್ಬರ ಮಾತನ್ನು ಒಬ್ಬರು ಒರೆಗೆ ಹಚ್ಚುತ್ತ, ತಪ್ಪು ಕಂಡಲ್ಲಿ ತಿದ್ದುತ್ತ, ಹೆಂಡತಿಯು ಗಂಡನಿಗೆ ಬುದ್ಧಿ ಹೇಳುತ್ತ, ಒಂದೇ ಊರಿನಲ್ಲಿ ಒಟ್ಟಾಗಿ ಬಾಳಿದ ಕವಿಸಮುದಾಯವನ್ನು ಅದು ಮರೆತೇಬಿಟ್ಟಿದ್ದಿತು. ಅವರವರ ಕಸುಬಿನ ಉಪಕರಣಗಳೇ ಅವರವರ ಅನುಭಾವದ ನುಡಿಯಾಗಿರುವದನ್ನು ನೋಡಿದರೆ, ಅನುಭವಗೋಷ್ಠಿಗೆ ಬರುವಾಗ ಅವರು ಕಾಯಕವನ್ನು ಹೊರಗಿಟ್ಟು ಬರಲಿಲ್ಲವೆಂಬುದು ತಿಳಿಯುವದು. ಹಳಕಟ್ಟಿಯವರ ಮೊದಲು ಸುಮಾರು 50 ವಚನಕಾರರ ಹೆಸರುಗಳು ತಿಳಿದಿದ್ದುವೆಂದೂ ಅವರ ಶೋಧದಿಂದ ಆ ಸಂಖ್ಯೆಯು ಸುಮಾರು 250ಕ್ಕೆ ಏರಿತೆಂದೂ ವಿದ್ವಾಂಸರು ಲೆಕ್ಕ ಹೇಳುವರು.

ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಬಿಜ್ಜಳನ ಕಾಲದ ವಿಪ್ಲವದಿಂದ ಕಲ್ಯಾಣವು ಚದುರಿದಾಗ ಈ ವಾಕ್ಯಗಳೂ ದಿಕ್ಕುದಿಕ್ಕಿಗೆ ಚದುರಿದವು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ವಿರಕ್ತರೂ ಲಕ್ಕಣ್ಣ ದಂಡೇಶನಂಥ ಅಧಿಕಾರಿಗಳೂ ಕೂಡಿ ಶರಣರ ಚರಿತೆಯನ್ನೂ ವಚನಗಳನ್ನೂ ಒಂದೆಡೆಗೆ ತಂದರು. ಅಂದು ಅವರ ಹಿಂದೆ ರಾಜಾಶ್ರಯವಿದ್ದಿತು. ವಿಜಾಪುರದ ಈ ವಕೀಲರ ಹಿಂದೆ ಇದ್ದದ್ದು ಅವರ ಸ್ವಂತ ಗಳಿಕೆ ಮಾತ್ರ.

ಅವರು ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗದ ಹಸ್ತಪ್ರತಿಯನ್ನು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿದ್ದರು, ಅಚ್ಚಾಗದೆ ಅದು ಮರಳಿ ಬಂದಿತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅದು ಅಚ್ಚಾಯಿತು. ಆ ಗ್ರಂಥದಲ್ಲಿ ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಲಾಗಿದೆ. ಇದರಿಂದ ತತ್ತ್ವಜಿಜ್ಞಾಸುಗಳಿಗೆ ಅನುಕೂಲವಾಯಿತಾದರೂ ಒಬ್ಬ ಶರಣರ ಧ್ವನಿಯು ಹಲವು ಅಧ್ಯಾಯಗಳಲ್ಲಿ ಹಂಚಿಹೋಯಿತೆಂಬ ಮಾತನ್ನು ಒಪ್ಪಲೇಬೇಕು. ಪಾಠಗಳಲ್ಲಿಯೂ ಮುಂದಿನ ವಿದ್ವಾಂಸರು ತಿದ್ದುಪಡಿ ಮಾಡಬೇಕಾಯಿತು. ಒಬ್ಬೊಬ್ಬ ಶರಣರ ವಚನಗಳನ್ನು ಬೇರೆಬೇರೆಯಾಗಿ ಪ್ರಕಟಿಸುವ ಕಾರ್ಯವನ್ನೂ ಅವರು ಕೈಕೊಂಡರು. ಹರಿಹರನ ರಗಳೆಗಳೂ ಶೂನ್ಯಸಂಪಾದನೆಯೂ ಅವರಿಂದ ಬೆಳಕಿಗೆ ಬಂದವು.

ಪರರ ಮುದ್ರಣಾಲಯವನ್ನು ನಂಬಿ ಕುಳಿತರೆ ಆಯುಷ್ಯವು ಸಾಲದೆಂದು ತಿಳಿದು, 1925ರಲ್ಲಿ ವಿಜಾಪುರದಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಹೊರಡಿಸಿದರು. ದೂರದೂರದ ಊರುಗಳಲ್ಲಿ ಒಬ್ಬೊಬ್ಬರೇ ಓಲೆಗಳನ್ನು ಓದುತ್ತ ಕುಳಿತಿದ್ದ ಆಸಕ್ತರಿಗೆ ‘ಶಿವಾನುಭವ’ವು ಒಂದು ಕೂಡುವ ಜಗಲಿಯಾಯಿತು. ಆದರೆ ಹೊಗಳಿದವರಷ್ಟು ಜನರು ಚಂದಾದಾರರಾಗಲಿಲ್ಲ. ವಕೀಲಿಯಿಂದ ಬಂದ ಹಣವು ಕಾಗದಕ್ಕೂ ಮೊಳೆಗಳಿಗೂ ಸಂದಿತು. ಇಷ್ಟು ಸಂಸ್ಥೆಗಳನ್ನು ಕಟ್ಟಿದವರು ತಮಗೊಂದು ಸ್ವಂತ ಮನೆಯಿಲ್ಲದೆ ಬಾಡಿಗೆಯ ಮನೆಯಲ್ಲಿಯೇ ಬಾಳಿದರು. ಇದನ್ನು ತ್ಯಾಗವೆಂದು ಕೊಂಡಾಡುವದು ಸುಲಭ. ಓಲೆಗಳನ್ನು ಪೂಜಿಸಿದ ನಮ್ಮ ಸಮಾಜವು ಅಚ್ಚಾದ ಪುಸ್ತಕವನ್ನು ಕೊಂಡಿದ್ದರೆ ಆ ತ್ಯಾಗದ ಭಾರವು ಅಷ್ಟು ಇರುತ್ತಿರಲಿಲ್ಲ.

ಮನ್ನಣೆಗಳು ಬಾರದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದರು. ಸರಕಾರವು ರಾವಬಹಾದ್ದೂರರೆಂದಿತು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಾಕ್ಟರೇಟನ್ನು ಅರ್ಪಿಸಿತು. 1964ನೆಯ ಜೂನ್ 29ರಂದು, 84 ವರ್ಷಗಳು ತುಂಬಲು ಮೂರು ದಿನಗಳಿರುವಾಗ, ಅವರು ವಿಜಾಪುರದಲ್ಲಿ ಲಿಂಗೈಕ್ಯರಾದರು.

ಕರ್ನಾಟಕ ಸರಕಾರವು 1993ರಲ್ಲಿ ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಶಿವಶರಣೆಯರಿಗೆ ಅದರಲ್ಲಿ ಒಂದು ಸಂಪುಟವೇ ಮೀಸಲಾಗಿದೆ. ಆಯ್ದಕ್ಕಿ ಲಕ್ಕಮ್ಮನವರು ಅಲ್ಲಿದ್ದಾರೆ.