ತಂಗಿಯರಿಗೆ ಬರೆದ ಓಲೆಗಳು: ಮರಿಯಾ ಎಜ್‌ವರ್ತ್

1793ರ ಜನವರಿ 21ರಂದು ಪ್ಯಾರಿಸ್ ನಗರದಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ವಧಾಸ್ಥಾನಕ್ಕೆ ಕರೆದೊಯ್ದಾಗ, ಬಂಡಿಯಲ್ಲಿ ಆತನ ಜೊತೆಗೆ ಕುಳಿತು ಕೊನೆಯ ಗಳಿಗೆಯವರೆಗೂ ಧೈರ್ಯ ತುಂಬಿದ ಧರ್ಮಗುರು ಆಬೆ ಎಜ್‌ವರ್ತ್ ಅವರ ಹೆಸರನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. ಆ ಧರ್ಮಗುರುಗಳು ಹುಟ್ಟಿದ್ದು ಐರ್ಲೆಂಡಿನ ಲಾಂಗ್‌ಫರ್ಡ್ ಕೌಂಟಿಯ ಎಜ್‌ವರ್ತ್‌ಸ್ಟೌನ್ ಎಂಬ ಹಳ್ಳಿಯಲ್ಲಿ. ಅವರ ತಂದೆ ಅಲ್ಲಿಯ ಪ್ರೊಟೆಸ್ಟೆಂಟ್ ದೇವಾಲಯದ ಪಾದ್ರಿಗಳಾಗಿದ್ದು, ಆತ್ಮಸಾಕ್ಷಿಯ ಕರೆಗೆ ಓಗೊಟ್ಟು ಕಥೋಲಿಕ ಧರ್ಮಸಭೆಯನ್ನು ಸೇರಿ, ಹುದ್ದೆಯನ್ನೂ ಹುಟ್ಟಿದ ನಾಡನ್ನೂ ತೊರೆದು ಕುಟುಂಬಸಮೇತ ಫ್ರಾನ್ಸಿಗೆ ತೆರಳಿದ್ದರು. ವಂಶದ ಮತ್ತೊಂದು ಶಾಖೆ ಪ್ರೊಟೆಸ್ಟೆಂಟ್ ಆಗಿಯೇ ಉಳಿದು ಊರಿನ ಜಮೀನ್ದಾರಿಕೆಯನ್ನು ನಡೆಸಿಕೊಂಡು ಬಂದಿತು. ಈ ವಾರ ನಾವು ನೆನೆಯಬಯಸುವ ಕಾದಂಬರಿಕಾರ್ತಿ ಮರಿಯಾ ಎಜ್‌ವರ್ತ್ ಆ ಶಾಖೆಯ ಮಗಳು.

ಮರಿಯಾ ಜನಿಸಿದ್ದು 1768ರ ಜನವರಿ 1ರಂದು, ಇಂಗ್ಲೆಂಡಿನಲ್ಲಿ. ಐದರ ಎಳೆಯ ಪ್ರಾಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಈಕೆ 1782ರಲ್ಲಿ ತಂದೆ ರಿಚರ್ಡ್ ಅವರೊಂದಿಗೆ ಎಜ್‌ವರ್ತ್‌ಸ್ಟೌನಿಗೆ ಬಂದು ನೆಲೆಸಿದರು. ತಂದೆ ನಾಲ್ಕು ಬಾರಿ ವಿವಾಹವಾದವರು. ಅವರಿಗೆ ಒಟ್ಟು ಇಪ್ಪತ್ತೆರಡು ಮಕ್ಕಳು. ಹಿರಿಯ ಹೆಣ್ಣುಮಗಳಾದ ಮರಿಯಾ ತಂದೆಯ ಲೆಕ್ಕಪತ್ರಗಳನ್ನು ಬರೆಯುತ್ತ, ಒಕ್ಕಲುಗಳ ಅಹವಾಲುಗಳನ್ನು ಆಲಿಸುತ್ತ, ತಮ್ಮ ತಂಗಿಯರಿಗೆ ಪಾಠ ಹೇಳುತ್ತ ಬೆಳೆದರು. ಮೂರನೆಯ ಮಲತಾಯಿ ಫ್ರಾನ್ಸಿಸ್ ಅವರಂತೂ ಮರಿಯಾರಿಗಿಂತ ಒಂದು ವರ್ಷ ಕಿರಿಯರು! ಮೊದಲು ಕೊಂಚ ಅಳುಕಿದರೂ ಮುಂದೆ ಆ ತಾಯಿಯೇ ಈಕೆಯ ಜೀವದ ಗೆಳತಿಯಾದರು. 1802ರಲ್ಲಿ ಪ್ಯಾರಿಸಿನಲ್ಲಿ ಸ್ವೀಡನ್ ದೇಶದ ಗಣ್ಯರೊಬ್ಬರು ಮದುವೆಯ ಪ್ರಸ್ತಾಪವನ್ನು ಮುಂದಿಟ್ಟಾಗ ಮರಿಯಾ ಒಪ್ಪಲಿಲ್ಲ. ಮನೆಯವರನ್ನು ಬಿಟ್ಟು ದೂರದ ದೇಶದಲ್ಲಿ ಬಾಳುವುದು ಅವರಿಂದಾಗದ ಮಾತಾಗಿತ್ತು.

1800ರಲ್ಲಿ ಪ್ರಕಟವಾದ ಕ್ಯಾಸಲ್ ರ್ಯಾಕ್‌ರೆಂಟ್ ಎಂಬ ಪುಟ್ಟ ಕಾದಂಬರಿ ಈಕೆಗೆ ಕೀರ್ತಿಯನ್ನು ತಂದಿತು. ಹಾಳುಬಿದ್ದ ಜಮೀನ್ದಾರಿ ಮನೆತನವೊಂದರ ಕಥೆಯನ್ನು ಮುದಿ ಸೇವಕನ ಬಾಯಿಂದ, ಐರಿಷ್ ಜನರಾಡುವ ಮಾತಿನಲ್ಲಿಯೇ ಹೇಳಿಸಿದ ಕೃತಿಯದು. ಸರ್ ವಾಲ್ಟರ್ ಸ್ಕಾಟ್ ತಮ್ಮ ಕಾದಂಬರಿಗಳಿಗೆ ಈಕೆಯ ಮಾದರಿಯೇ ಪ್ರೇರಣೆಯೆಂದು ಬಹಿರಂಗವಾಗಿ ಒಪ್ಪಿಕೊಂಡರು. ಜೇನ್ ಆಸ್ಟೆನ್ ತಮ್ಮ ಎಮ್ಮಾ ಕಾದಂಬರಿಯ ಪ್ರತಿಯೊಂದನ್ನು ಈಕೆಗೆ ಕಳುಹಿಸಿಕೊಟ್ಟರು. 1812ರಲ್ಲಿ ಹೊರಬಂದ ದಿ ಆಬ್ಸೆಂಟಿ, ಐರ್ಲೆಂಡಿನ ಗೇಣಿಯನ್ನು ಲಂಡನ್ನಿನಲ್ಲಿ ಕುಳಿತು ಖರ್ಚು ಮಾಡುವ ಧಣಿಗಳನ್ನು ಕುರಿತದ್ದು.

ಆದರೆ ನಮ್ಮನ್ನು ಕಾದಂಬರಿಗಳಿಗಿಂತ ಹೆಚ್ಚಾಗಿ ಸೆಳೆದುದು ಈಕೆ ಇಂಗ್ಲೆಂಡಿನಿಂದ ಮನೆಗೆ ಬರೆದ ಪತ್ರಗಳು. 1813ರಿಂದ 1844ರ ವರೆಗೆ ಹಲವು ಬಾರಿ ಇಂಗ್ಲೆಂಡಿಗೆ ಹೋದ ಮರಿಯಾ, ಪ್ರತಿ ಬಾರಿಯೂ ಮಲತಾಯಿಗೆ, ಸೋದರತ್ತೆಗೆ, ತಂಗಿಯರಾದ ಹೊನೋರಾ, ಲೂಸಿ, ಹ್ಯಾರಿಯೆಟ್ ಮೊದಲಾದವರಿಗೆ ಪುಟಗಟ್ಟಲೆ ಬರೆದರು. ಲೂಸಿ ಬೆನ್ನೆಲುಬಿನ ಬೇನೆಯಿಂದ ಎಳವೆಯಲ್ಲಿಯೇ ವರ್ಷಗಟ್ಟಲೆ ಹಾಸಿಗೆ ಹಿಡಿದವಳು. ಎದ್ದು ಓಡಾಡಲಾಗದ ಅಂಥ ತಂಗಿಗೆ ಅಕ್ಕನ ಕಾಗದವೇ ಕಿಟಕಿ.

ಆ ಕಾಲದ ಅಂಚೆಯ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅಂಚೆಯ ಹಣವನ್ನು ಸಾಮಾನ್ಯವಾಗಿ ಪತ್ರ ಪಡೆದವರೇ ತೆರಬೇಕಾಗಿತ್ತು. ಎಷ್ಟು ಹಾಳೆ, ಎಷ್ಟು ದೂರ ಎಂಬುದರ ಮೇಲೆ ದರ. ಸಮುದ್ರ ದಾಟುವ ನೀಳ ಪತ್ರವೆಂದರೆ ಸಾಧಾರಣ ಕುಟುಂಬಕ್ಕೆ ಹೊರೆಯೇ ಸರಿ. ಪಾರ್ಲಿಮೆಂಟಿನ ಸದಸ್ಯರಿಗೆ ಮಾತ್ರ ಪತ್ರಗಳನ್ನು ಪುಕ್ಕಟೆಯಾಗಿ ಕಳುಹಿಸುವ ಹಕ್ಕಿತ್ತು. ವಿಳಾಸವನ್ನೂ ತಾರೀಖನ್ನೂ ಅವರೇ ಕೈಯಾರೆ ಬರೆದು ಸಹಿ ಹಾಕಬೇಕು, ತೂಕವೂ ಮಿತಿಯಲ್ಲಿರಬೇಕು. ದೊಡ್ಡವರ ಮನೆಗಳಲ್ಲಿ ಅತಿಥಿಯಾಗಿರುತ್ತಿದ್ದ ಮರಿಯಾರಿಗೆ ಅಂಥ ಸಹಿ ಸುಲಭವಾಗಿ ದೊರೆಯುತ್ತಿತ್ತು. ಒಂದು ಪೆನ್ನಿಯ ಅಂಚೆ ಬಂದದ್ದು 1840ರಲ್ಲಿ. ಅಷ್ಟರಲ್ಲಿ ಈಕೆಯ ಉತ್ತಮ ಪತ್ರಗಳಲ್ಲಿ ಹೆಚ್ಚಿನವು ಲಾರ್ಡುಗಳ ಸಹಿ ಹೊತ್ತು ಹಡಗೇರಿ ಹೋಗಿಯಾಗಿತ್ತು. ಮನೆಯಲ್ಲಿ ಅವನ್ನು ಎಲ್ಲರಿಗೂ ಓದಿ ಹೇಳಿ, ಬಳಿಕ ಬಂಧುಗಳ ಮನೆಗಳಿಗೂ ಕಳುಹಿಸುವ ರೂಢಿಯಿತ್ತು.

1821ರ ಚಳಿಗಾಲದಲ್ಲಿ ಮರಿಯಾ ಕಿರಿಯ ತಂಗಿಯರಾದ ಫ್ಯಾನಿ ಮತ್ತು ಹ್ಯಾರಿಯೆಟ್ ಅವರನ್ನು ಜೊತೆಗೆ ಕರೆದುಕೊಂಡು ಇಂಗ್ಲೆಂಡಿಗೆ ಹೋದರು. ತಂದೆ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಹುಡುಗಿಯರಿಗೆ ಲೋಕವನ್ನು ತೋರಿಸುವ ಹೊಣೆ ಐವತ್ತು ದಾಟಿದ ಅಕ್ಕನ ಮೇಲೆ ಬಿದ್ದಿತ್ತು. ಅಂದು ಪಾರ್ಲಿಮೆಂಟಿನ ಕೆಳಮನೆಯ ಗ್ಯಾಲರಿಗೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಚರ್ಚೆ ಕೇಳಬೇಕೆಂಬ ಹೆಂಗಸರು ಸಭಾಂಗಣದ ಮೇಲಣ ಅಟ್ಟವನ್ನೇರಿ, ಬಿಸಿಗಾಳಿ ಹೊರಹೋಗಲೆಂದು ಮಾಡಿದ ಗೂಡಿನ ಸುತ್ತ ಹಳೆಯ ಕುರ್ಚಿಗಳ ಮೇಲೆ ನಿಂತು ಇಣುಕಬೇಕಿತ್ತು. ಕೆಳಗೆ ಉರಿಯುವ ದೀಪಗೊಂಚಲು, ಮೇಜಿನ ಅರ್ಧ ಭಾಗ. ಸಭಾಧ್ಯಕ್ಷರ ಪಾದಗಳು ಮಾತ್ರ ಕಾಣುವವು. ಆದರೆ ಮಾತುಗಳೆಲ್ಲ ಸ್ಪಷ್ಟವಾಗಿ ಕೇಳುವವು. ಯುರೋಪಿನಾದ್ಯಂತ ಹೆಸರಾದ ಲೇಖಕಿ ಹೀಗೆ ಅಟ್ಟದ ಕತ್ತಲಲ್ಲಿ ನಿಂತು ರಾಜ್ಯಭಾರವನ್ನು ಕೇಳಿ, ಅದನ್ನು ಕೊರಗಿಲ್ಲದೆ, ನಗುನಗುತ್ತಲೇ ಮನೆಗೆ ವರ್ಣಿಸಿದ್ದಾರೆ. ಕೊರಗಬೇಕಾದ ಸಂಗತಿಯೇ ಇದು ಎಂದು ನಮಗನ್ನಿಸುತ್ತದೆ.

ಅದೇ ದಿನಗಳಲ್ಲಿ ನ್ಯೂಗೇಟ್ ಸೆರೆಮನೆಗೂ ಹೋಗಿ, ಕ್ವೇಕರ್ ಪಂಥದ ಎಲಿಜಬೆತ್ ಫ್ರೈ ಎಂಬ ಮಹಿಳೆ ಕೈದಿ ಹೆಂಗಸರಿಗೆ ಬೈಬಲ್ ಓದಿ ಹೇಳುವುದನ್ನು ಕಂಡು ಬಂದರು. ಕುಲೀನರ ನೃತ್ಯಕೂಟವನ್ನೂ ಸೆರೆಮನೆಯನ್ನೂ ಒಂದೇ ಲೇಖನಿಯಿಂದ, ಒಂದೇ ಶ್ರದ್ಧೆಯಿಂದ ತಂಗಿಯರ ಕಣ್ಣಿಗೆ ಕಟ್ಟಿಕೊಟ್ಟದ್ದು ಈ ಪತ್ರಗಳ ಹಿರಿಮೆ.

ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಅವರ ಗ್ಯಾಟ್ಕಮ್ ಬಂಗಲೆಯಲ್ಲಿಯೂ ಈ ಅಕ್ಕತಂಗಿಯರು ತಂಗಿದ್ದರು. ರಿಕಾರ್ಡೊ ಪಾರ್ಲಿಮೆಂಟಿನಲ್ಲಿ ಐರ್ಲೆಂಡಿನ ಪೋರ್ಟಾರ್ಲಿಂಗ್ಟನ್ ಕ್ಷೇತ್ರದ ಸದಸ್ಯರು. ಆ ಊರಿಗೆ ಒಮ್ಮೆಯೂ ಕಾಲಿಟ್ಟವರಲ್ಲ! ಆದರೂ ಮರಿಯಾ ಅವರನ್ನು ಬಹುವಾಗಿ ಮೆಚ್ಚಿದರು. ಮುಂದಿನ ಎರಡು ವರ್ಷಗಳಲ್ಲಿ ಇಬ್ಬರ ನಡುವೆ ಪತ್ರಗಳಲ್ಲಿ ನಡೆದ ವಾದ ಆಲೂಗಡ್ಡೆಯನ್ನು ಕುರಿತದ್ದು: ಬಡಜನರೆಲ್ಲ ಒಂದೇ ಬೆಳೆಯನ್ನು ನೆಚ್ಚಿ ಬದುಕುವುದು ಕ್ಷೇಮವೇ, ಆ ಬೆಳೆ ಕೈಕೊಟ್ಟರೆ ಗತಿಯೇನು ಎಂಬ ಪ್ರಶ್ನೆ. 1823ರಲ್ಲಿ ರಿಕಾರ್ಡೊ ತೀರಿಕೊಂಡರು. ಆ ಪ್ರಶ್ನೆಗೆ ಕಾಲವು ನೀಡಿದ ಘೋರ ಉತ್ತರವನ್ನು ಕಾಣುವುದು ಮರಿಯಾರ ಪಾಲಿಗೆ ಬಂದಿತು.

ಕಥೋಲಿಕರ ಬಗ್ಗೆ ಈಕೆಯ ನಿಲುವೇನಿತ್ತು? ಊರಿನ ಒಕ್ಕಲುಗಳಲ್ಲಿ ಬಹುಪಾಲು ಕಥೋಲಿಕರು. 1798ರ ದಂಗೆಯಲ್ಲಿ ಬಂಡುಕೋರರು ಎಜ್‌ವರ್ತ್‌ಸ್ಟೌನಿಗೆ ನುಗ್ಗಿದಾಗ ಕುಟುಂಬವು ಲಾಂಗ್‌ಫರ್ಡ್ ಪಟ್ಟಣಕ್ಕೆ ಓಡಿಹೋಯಿತು. ಆದರೆ ಮನೆಗೆ ಕಿಂಚಿತ್ತೂ ಹಾನಿಯಾಗಲಿಲ್ಲ. ಹಿಂದೊಮ್ಮೆ ಮನೆವಾರ್ತೆಯ ಹೆಂಗಸು ಗೇಣಿ ಕಟ್ಟಲು ನೆರವಾಗಿದ್ದಳೆಂಬ ಉಪಕಾರವನ್ನು ನೆನೆದು ಬಂಡುಕೋರನೊಬ್ಬನೇ ಬಾಗಿಲಲ್ಲಿ ನಿಂತು ಕಾಪಾಡಿದ್ದನು. ಅಪಾಯ ಬಂದದ್ದು ಪಟ್ಟಣದಲ್ಲಿ, ಸ್ವಧರ್ಮೀಯರಿಂದ. ತಮ್ಮ ಕಾವಲು ಪಡೆಗೆ ಕಥೋಲಿಕರನ್ನು ಸೇರಿಸಿಕೊಂಡಿದ್ದರೆಂಬ ಕಾರಣಕ್ಕೆ ರಿಚರ್ಡ್ ಅವರನ್ನು ದ್ರೋಹಿಯೆಂದು ಬಗೆದು ಪ್ರೊಟೆಸ್ಟೆಂಟ್ ಗುಂಪು ಮೇಲೆರಗಿತು. ಅವರು ಬದುಕಿದ್ದೇ ಹೆಚ್ಚು. 1816ರಲ್ಲಿ ತಮ್ಮ ಲೊವೆಲ್ ಊರಿನಲ್ಲಿ ತೆರೆದ ಶಾಲೆಯಲ್ಲಿ ಎರಡೂ ಮತಗಳ ಬಾಲಕರು ಜೊತೆಯಾಗಿ ಕಲಿತರು. 1829ರಲ್ಲಿ ಕಥೋಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದಾಗ ಮರಿಯಾ ಹರ್ಷಿಸಿದರು.

ಆದರೆ ಮುಂದಿನ ಚುನಾವಣೆಗಳಲ್ಲಿ ಒಕ್ಕಲುಗಳು ಧಣಿಯ ಮಾತು ಬಿಟ್ಟು ಧರ್ಮಗುರುಗಳ ಮಾತಿನಂತೆ ಮತ ನೀಡಿದಾಗ ಈಕೆ ನೊಂದರೆಂಬುದನ್ನು ನಾವು ಮುಚ್ಚಿಡಲಾರೆವು. ಡೇನಿಯಲ್ ಓಕಾನೆಲ್ ಅವರ ಚಳವಳಿಯನ್ನೂ ಈಕೆ ಮೆಚ್ಚಲಿಲ್ಲ. ಹಕ್ಕು ಕೊಡಬೇಕೆಂದು ವಾದಿಸಿದವರಿಗೆ, ಕೊಟ್ಟ ಹಕ್ಕನ್ನು ಜನರು ತಮಗೆ ತೋಚಿದಂತೆ ಬಳಸಿದಾಗ ಸಹಿಸುವುದು ಕಷ್ಟವಾಯಿತು. ಆಗ ಭಾರತದಲ್ಲಿ ಕಂಪೆನಿ ಸರಕಾರದ ಸೇವೆಯಲ್ಲಿದ್ದ ಕಿರಿಯ ತಮ್ಮ ಪೇಕನ್‌ಹ್ಯಾಮ್‌ಗೆ 1834ರಲ್ಲಿ ಬರೆದ ಪತ್ರವೊಂದರಲ್ಲಿ, ಐರ್ಲೆಂಡಿನ ಇಂದಿನ ಸ್ಥಿತಿಯನ್ನು ಕಾದಂಬರಿಯಲ್ಲಿ ಚಿತ್ರಿಸುವುದು ತಮ್ಮಿಂದ ಆಗದೆಂದು ತಿಳಿಸಿದ್ದಾರೆ. ಅದೇ ವರ್ಷ ಬಂದ ಹೆಲೆನ್ ಎಂಬ ಅವರ ಕೊನೆಯ ದೊಡ್ಡ ಕಾದಂಬರಿಯ ಕಥೆ ನಡೆಯುವುದು ಇಂಗ್ಲೆಂಡಿನಲ್ಲಿ.

ಇಷ್ಟರಲ್ಲಿ ಲೊವೆಲ್ ಸಾಲದಲ್ಲಿ ಮುಳುಗಿದ್ದರಿಂದ 1826ರಿಂದ ಜಮೀನಿನ ಆಡಳಿತವನ್ನು ಮರಿಯಾರೇ ವಹಿಸಿಕೊಂಡಿದ್ದರು. ಗೇಣಿಯ ವಸೂಲಿ, ಚರಂಡಿ, ಮಾಡಿನ ದುರಸ್ತಿ ಎಲ್ಲವೂ ಅವರ ಮೇಲೆಯೇ. ಫ್ಯಾನಿ ಮದುವೆಯಾಗಿ ಲಂಡನ್ನಿನಲ್ಲಿ ನೆಲೆಸಿದ ಬಳಿಕ ಇಂಗ್ಲೆಂಡಿನಲ್ಲಿ ಆಕೆಯ ಮನೆಯೇ ಅಕ್ಕನ ಬಿಡಾರ. ಹಾಸಿಗೆ ಹಿಡಿದಿದ್ದ ಲೂಸಿ ಗುಣಹೊಂದಿ 1843ರಲ್ಲಿ ಆರ್ಮಾದ ಖಗೋಲಶಾಸ್ತ್ರಜ್ಞ ರಾಬಿನ್ಸನ್ ಅವರ ಕೈಹಿಡಿದಳು.

1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಮಹಾಕ್ಷಾಮ ಆರಂಭವಾಯಿತು. ಎಂಬತ್ತರ ಅಂಚಿನಲ್ಲಿದ್ದ ಮರಿಯಾರ ಲೇಖನಿ ಈಗ ಬೇಡುವ ಲೇಖನಿಯಾಯಿತು. ಡಬ್ಲಿನ್ನಿನ ಕ್ವೇಕರ್ ಪರಿಹಾರ ಸಮಿತಿಗೆ ಬರೆದರು. ಪರಿಹಾರ ನಿಧಿಗಾಗಿಯೇ ಮಕ್ಕಳ ಕಥೆಯೊಂದನ್ನು ಬರೆದು 1848ರಲ್ಲಿ ಪ್ರಕಟಿಸಿದರು. ಅಮೆರಿಕದ ಬೋಸ್ಟನ್ ನಗರದ ಮಕ್ಕಳು, ತಾವು ಓದಿ ನಲಿದ ಕಥೆಗಳ ಅಜ್ಜಿಯ ಹೆಸರಿಗೆ, ಆಕೆಯ ಬಡವರಿಗಾಗಿ ಎಂದು 150 ಪೀಪಾಯಿ ಹಿಟ್ಟು ಮತ್ತು ಅಕ್ಕಿಯನ್ನು ಕಳುಹಿಸಿದರು. ಅದನ್ನು ಹೊತ್ತ ಹಮಾಲಿಗಳು ಕೂಲಿಯನ್ನು ಮುಟ್ಟಲಿಲ್ಲ. ಹಾಗೆ ಬಿಡಲೊಪ್ಪದ ಮರಿಯಾ ಅವರಲ್ಲಿ ಒಬ್ಬೊಬ್ಬರಿಗೂ ಉಣ್ಣೆಯ ಕೊರಳವಸ್ತ್ರವನ್ನು ತಾವೇ ಹೆಣೆದರು.

1848ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಫ್ಯಾನಿ ತೀರಿಕೊಂಡಳು. ಆ ಆಘಾತದಿಂದ ಅಕ್ಕ ಚೇತರಿಸಿಕೊಳ್ಳಲಿಲ್ಲ. ಕ್ಷಾಮವಿನ್ನೂ ಮುಗಿದಿರದ 1849ರ ಮೇ 22ರಂದು, ಒಂದು ವರ್ಷ ಕಿರಿಯಳಾದ ತಾಯಿಯ ತೋಳುಗಳಲ್ಲಿ ಮರಿಯಾ ಕೊನೆಯುಸಿರೆಳೆದರು.

ಮನೆಮಂದಿ ಜೋಪಾನವಾಗಿರಿಸಿದ್ದ ಪತ್ರಗಳಲ್ಲಿ ಕೆಲವನ್ನು ಆ ತಾಯಿಯೇ ಆಯ್ದು ಇಟ್ಟಿದ್ದರು. ಅವರ ನಿಧನದ ಬಳಿಕ 1867ರಲ್ಲಿ ಮಕ್ಕಳು ಅವನ್ನು ಮಾರಾಟಕ್ಕಲ್ಲದೆ ಆಪ್ತರಿಗಾಗಿ ಮಾತ್ರ ಅಚ್ಚು ಹಾಕಿಸಿದರು. ಇಂಗ್ಲೆಂಡಿನಿಂದ ಬರೆದವುಗಳು 1971ರಲ್ಲಿ ಅದೇ ವಂಶದ ಕ್ರಿಸ್ಟಿನಾ ಕಾಲ್ವಿನ್ ಅವರ ಸಂಪಾದನೆಯಲ್ಲಿ ಪ್ರತ್ಯೇಕ ಸಂಪುಟವಾಗಿ ಬಂದವು. ಆ ಓಲೆಗಳನ್ನು ಓದಿ ಹೇಳುತ್ತಿದ್ದ ಎಜ್‌ವರ್ತ್‌ಸ್ಟೌನಿನ ಮನೆ ಇಪ್ಪತ್ತನೆಯ ಶತಮಾನದಲ್ಲಿ ಮರ್ಸಿ ಸಭೆಯ ಧರ್ಮಭಗಿನಿಯರ ಕೈಸೇರಿ, ವೃದ್ಧರ ಆರೈಕೆಯ ಆಶ್ರಯಧಾಮವಾಯಿತು.