ಲಿಂಕನ್ ಬರೆದ ಮೂರು ಪತ್ರಗಳು

ಅಬ್ರಹಾಂ ಲಿಂಕನ್ ಮರದ ದಿಮ್ಮಿಯ ಗುಡಿಸಲಿನಲ್ಲಿ ಹುಟ್ಟಿ, ಚುನಾವಣೆಗಳಲ್ಲಿ ಸೋತು, ಕೊನೆಗೆ ಅಮೆರಿಕದ ಅಧ್ಯಕ್ಷನಾದ ಕಥೆಯನ್ನು ಶಾಲೆಯಿಂದಲೇ ಕೇಳುತ್ತಾ ಬಂದಿದ್ದೇವೆ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಆತನ ಸೋಲುಗಳ ಪಟ್ಟಿ ನಮಗೆಲ್ಲ ಬಾಯಿಪಾಠ. ಆದರೆ ಕೆಲಸಕ್ಕೆ ಸೇರಿ, ಒಂದೆರಡು ವರ್ಷದಲ್ಲಿ ನಾಲ್ಕು ಜನರ ತಂಡಕ್ಕೆ ಲೀಡರ್ ಆಗುವ ನಮ್ಮಂಥವರಿಗೆ ಆ ಪಟ್ಟಿಗಿಂತ, 1863ರಲ್ಲಿ ಆತ ತನ್ನ ಸೇನಾಧಿಕಾರಿಗಳಿಗೆ ಬರೆದ ಮೂರು ಪತ್ರಗಳೇ ಹೆಚ್ಚು ಉಪಯೋಗ ಎಂದು ನನಗನಿಸುತ್ತದೆ.

ಲಿಂಕನ್ ಹುಟ್ಟಾ ಸಮಾಧಾನಿಯೇನಲ್ಲ. 1809ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ ಆತ ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷವಾಗದು. ಅಂಗಡಿ ಇಟ್ಟು ಸಾಲ ಮಾಡಿಕೊಂಡ, ಪೋಸ್ಟ್‌ಮಾಸ್ಟರ್ ಆದ, ಜಮೀನು ಅಳೆದ, ತಾನೇ ಓದಿಕೊಂಡು ವಕೀಲನಾದ. ಮಾತು ಮಾತ್ರ ಚಾಟಿಯಂತಿತ್ತು. 1842ರಲ್ಲಿ ಇಲಿನಾಯ್ ರಾಜ್ಯದ ಆಡಿಟರ್ ಆಗಿದ್ದ ಜೇಮ್ಸ್ ಶೀಲ್ಡ್ಸ್‌ನನ್ನು ಸುಳ್ಳು ಹೆಸರಿನಲ್ಲಿ ಪತ್ರಿಕೆಯಲ್ಲಿ ಗೇಲಿ ಮಾಡಿದ. ಶೀಲ್ಡ್ಸ್ ದ್ವಂದ್ವಯುದ್ಧಕ್ಕೆ ಕರೆದ! ಇಬ್ಬರೂ ಮಿಸಿಸಿಪ್ಪಿ ನದಿಯ ನಡುಗಡ್ಡೆಯವರೆಗೂ ಹೋದರು. ಜೊತೆಗಿದ್ದವರು ರಾಜಿ ಮಾಡಿಸಿದ್ದರಿಂದ ಕತ್ತಿ ಬೀಸುವ ಪ್ರಸಂಗ ಬರಲಿಲ್ಲ. ಮುಂದೆ ಆ ವಿಷಯ ಎತ್ತಿದರೇ ಆತನಿಗೆ ಮುಜುಗರವಾಗುತ್ತಿತ್ತು.

1861ರಲ್ಲಿ ಅಧ್ಯಕ್ಷನಾದ ಕೆಲವೇ ವಾರಗಳಲ್ಲಿ ಅಂತರ್ಯುದ್ಧ ಶುರುವಾಯಿತು. ಸೇನಾಪತಿಗಳು ಒಬ್ಬರಾದ ಮೇಲೆ ಒಬ್ಬರು ಸೋತರು. 1863ರ ಜನವರಿಯಲ್ಲಿ ಪೊಟೊಮ್ಯಾಕ್ ಸೈನ್ಯದ ಹೊಣೆ ಜೋಸೆಫ್ ಹೂಕರ್‌ಗೆ ಬಂತು. ಹೂಕರ್ ಧೈರ್ಯಶಾಲಿ, ಆದರೆ ತನ್ನ ಮೇಲಧಿಕಾರಿ ಬರ್ನ್‌ಸೈಡ್ ಬಗ್ಗೆ ಬೆನ್ನ ಹಿಂದೆ ಆಡಿಕೊಂಡವನು, ದೇಶಕ್ಕೆ ಸರ್ವಾಧಿಕಾರಿ ಬೇಕು ಎಂದವನು. ಲಿಂಕನ್‌ಗೆ ಇದೆಲ್ಲ ಗೊತ್ತಿತ್ತು. ಜನವರಿ 26ರ ಪತ್ರದಲ್ಲಿ ಆತ ಹೂಕರ್‌ನ ಶೌರ್ಯ, ಆತ್ಮವಿಶ್ವಾಸಗಳನ್ನು ಮೆಚ್ಚಿದ. ಹಿಂದೆಯೇ, ಬರ್ನ್‌ಸೈಡ್‌ಗೆ ಮಾಡಿದ್ದು ದೊಡ್ಡ ತಪ್ಪು ಎಂದು ನೇರವಾಗಿ ಬರೆದ. ಸರ್ವಾಧಿಕಾರಿಯ ಮಾತು ತನ್ನ ಕಿವಿಗೆ ಬಿದ್ದಿದೆ, ಅದರ ಹೊರತಾಗಿಯೂ ಹುದ್ದೆ ಕೊಟ್ಟಿದ್ದೇನೆ ಎಂದ. ಮೇಲಿನವರನ್ನು ಟೀಕಿಸುವ ಚಟವನ್ನು ಸೈನ್ಯದಲ್ಲಿ ಬೆಳೆಸಿದವರಲ್ಲಿ ನೀನೂ ಒಬ್ಬ, ಅದು ಈಗ ನಿನಗೇ ತಿರುಗುತ್ತದೆ, ಅದನ್ನು ಅಡಗಿಸಲು ನಾನೂ ಕೈಜೋಡಿಸುತ್ತೇನೆ ಎಂಬುದು ಅದರ ತಾತ್ಪರ್ಯ. ತಪ್ಪು ಹೇಳಿ, ಜೊತೆಗೇ ಸಹಾಯದ ಮಾತು ಕೊಡುವ ಬಾಸ್‌ಗಳು ಎಷ್ಟು ಜನ ಸಿಕ್ಕಾರು? ಹೂಕರ್ ಅದನ್ನು ತಂದೆ ಮಗನಿಗೆ ಬರೆದ ಪತ್ರವೆಂಬಂತೆ ಕಂಡನಂತೆ. ಹಾಗೆಂದು ಪವಾಡವೇನೂ ಆಗಲಿಲ್ಲ. ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್‌ನಲ್ಲಿ ಹೂಕರ್ ಸೋತ, ಜೂನ್ ಕೊನೆಯಲ್ಲಿ ಹುದ್ದೆ ಬಿಟ್ಟ.

ಎರಡನೆಯ ಪತ್ರ ಜುಲೈ 13ರದು, ಯುಲಿಸಿಸ್ ಗ್ರಾಂಟ್‌ಗೆ. ಪಶ್ಚಿಮದಲ್ಲಿ ಗ್ರಾಂಟ್ ವಿಕ್ಸ್‌ಬರ್ಗ್ ಗೆದ್ದಿದ್ದ. ಆತನ ಯೋಜನೆಯ ಒಂದು ಹಂತ ತಪ್ಪೆಂದು ಲಿಂಕನ್‌ಗೆ ಅನಿಸಿತ್ತು. ಗೆದ್ದ ಮೇಲೆ ಸುಮ್ಮನಿದ್ದರೆ ಯಾರು ಕೇಳುತ್ತಿದ್ದರು? ಆದರೂ, ಇನ್ನೂ ಮುಖವನ್ನೇ ನೋಡಿರದ ಆ ಕೆಳಗಿನ ಅಧಿಕಾರಿಗೆ, ನೀನೇ ಸರಿ, ನನ್ನ ಎಣಿಕೆ ತಪ್ಪಾಗಿತ್ತು ಎಂಬರ್ಥದಲ್ಲಿ ದೇಶದ ಅಧ್ಯಕ್ಷ ಬರೆದ.

ಮರುದಿನವೇ ಮೂರನೆಯದು. ಹೂಕರ್ ಜಾಗಕ್ಕೆ ಬಂದ ಜಾರ್ಜ್ ಮೀಡ್ ಮೂರೇ ದಿನಕ್ಕೆ ಗೆಟಿಸ್‌ಬರ್ಗ್‌ನಲ್ಲಿ ಶತ್ರುವನ್ನು ಎದುರಿಸಿ ಗೆದ್ದಿದ್ದ. ಆದರೆ ಸೋತ ಸೇನಾಪತಿ ಲೀ, ಪೊಟೊಮ್ಯಾಕ್ ನದಿ ದಾಟಿ ತಪ್ಪಿಸಿಕೊಂಡ. ಯುದ್ಧ ಮುಗಿಸುವ ಅವಕಾಶ ಕೈಜಾರಿತೆಂದು ಲಿಂಕನ್ ಕುದಿದುಹೋಗಿ ಮೀಡ್‌ಗೆ ಪತ್ರ ಬರೆದ. ಮಡಿಚಿ, ಕಳಿಸಿಲ್ಲ, ಸಹಿ ಮಾಡಿಲ್ಲವೆಂದು ಲಕೋಟೆಯ ಮೇಲೆ ಗುರುತಿಸಿ ಇಟ್ಟುಬಿಟ್ಟ.

ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅಸಲಿಗೆ ಅಧ್ಯಕ್ಷರಿಗೆ ಅಸಮಾಧಾನವಾಗಿದೆ ಎಂಬ ಸುದ್ದಿ ಅದೇ ದಿನ ಪ್ರಧಾನ ಸೇನಾಪತಿ ಹ್ಯಾಲೆಕ್‌ನ ಟೆಲಿಗ್ರಾಂ ಮೂಲಕ ಮೀಡ್‌ಗೆ ಮುಟ್ಟಿತ್ತು. ನೊಂದ ಮೀಡ್ ಕೂಡಲೇ ಹುದ್ದೆಯಿಂದ ಬಿಡಿಸಿ ಎಂದು ಕೇಳಿಕೊಂಡ. ನಡುವಿನವರ ಬಾಯಿಂದ ಹೋದ ಅರ್ಧ ಮಾತು ಮಾಡುವ ಕೆಲಸವೇ ಇದು. ಲಿಂಕನ್‌ನ ಪತ್ರ ಶುರುವಾಗುವುದೇ ಮೀಡ್‌ನ ಆ ಕೋರಿಕೆ ನೋಡಿ, ಗೆಟಿಸ್‌ಬರ್ಗ್ ಗೆಲುವಿಗೆ ಕೃತಜ್ಞತೆ ಹೇಳುವುದರಿಂದ. ಬರೆಯುತ್ತಾ ಹೋದಂತೆ ಸಿಟ್ಟು ಮೇಲಾಗಿದೆ. ಹ್ಯಾಲೆಕ್ ಸಮಾಧಾನ ಹೇಳಿದ, ಮೀಡ್‌ನ ಕೋರಿಕೆಯನ್ನು ಒಪ್ಪಲಿಲ್ಲ. ಮೀಡ್ ಯುದ್ಧ ಮುಗಿಯುವವರೆಗೂ ಅದೇ ಸೈನ್ಯದ ಮುಖ್ಯಸ್ಥನಾಗಿದ್ದ. 1865ರ ಏಪ್ರಿಲ್‌ನಲ್ಲಿ ಲಿಂಕನ್ ಗುಂಡೇಟಿಗೆ ಬಲಿಯಾದಾಗಲೂ ಆ ಲಕೋಟೆ ಆತನ ಕಾಗದಪತ್ರಗಳ ನಡುವೆಯೇ ಇತ್ತು.