ಥಾಮಸ್ ಮನ್ರೋ: ರಕ್ಷಣೆಯ ಬೆಲೆ ಮತ್ತು ನೆಲದ ಲೆಕ್ಕ

ಥಾಮಸ್ ಮನ್ರೋನ ಹೆಸರು ಕನ್ನಡನಾಡಿನಲ್ಲಿ ಎರಡು ನೆಲೆಗಳಲ್ಲಿ ಉಳಿದುಬಂದಿದೆ. ಚರಿತ್ರೆಯಲ್ಲಿ ಆತ ರೈತವಾರಿ ಪದ್ಧತಿಯ ಪ್ರವರ್ತಕ; ಜನಮನದಲ್ಲಿ ಮಂತ್ರಾಲಯದ ಐತಿಹ್ಯದೊಂದಿಗೆ ಬೆರೆತ ಕಲೆಕ್ಟರ್. ಇವೆರಡರ ನಡುವೆ, ಬಾದಾಮಿ-ಬಾಗಲಕೋಟೆ ಸೀಮೆಯೊಂದಿಗಿನ ಆತನ ನಂಟು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

1761ರ ಮೇ 27ರಂದು ಗ್ಲಾಸ್ಗೋದ ವರ್ತಕ ಕುಟುಂಬದಲ್ಲಿ ಜನಿಸಿದ ಮನ್ರೋ, 1780ರಲ್ಲಿ ಕಂಪನಿಯ ಸೈನಿಕನಾಗಿ ಮದರಾಸಿಗೆ ಬಂದನು. 1792ರ ನಂತರ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ ಕಂದಾಯದ ಕೆಲಸ ಕಲಿತನು. 1799ರಲ್ಲಿ ಕೆನರಾ ಜಿಲ್ಲೆಯ ಹೊಣೆ ಹೊತ್ತನು.

ಕಂಪನಿಯ ಸೇನಾರಕ್ಷಣೆಗೆ ಬೆಲೆಯಾಗಿ ನಿಜಾಮನು 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪ ಪ್ರದೇಶಗಳನ್ನು ಬಿಟ್ಟುಕೊಟ್ಟನು. ಈ ದತ್ತ ಮಂಡಲದ ಪ್ರಧಾನ ಕಲೆಕ್ಟರನಾದ ಮನ್ರೋ 1802ರಿಂದ ಹೊಲಹೊಲವನ್ನೂ ಅಳೆಯಿಸಿ, ಮಣ್ಣಿನ ಗುಣವನ್ನು ವರ್ಗೀಕರಿಸಿದನು. ಹೀಗೆ ನಿಗದಿಯಾದ ಕಂದಾಯ ಒಟ್ಟು ಹುಟ್ಟುವಳಿಯ ಶೇ. 45ರಷ್ಟಿತ್ತು. ರೈತನಿಗೆ ಇದು ಭಾರವೆಂದರಿತ ಆತ, 1807ರಲ್ಲಿ ದರವನ್ನು ಶೇ. 25ರಷ್ಟು ತಗ್ಗಿಸಿ ಹುಟ್ಟುವಳಿಯ ಮೂರನೆಯ ಒಂದು ಭಾಗಕ್ಕೆ ಇಳಿಸಲು ಸೂಚಿಸಿದನು. ಮೇಲಧಿಕಾರಿಗಳು ಅದನ್ನು ಒಪ್ಪದೆ ಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟರು. ಲೆಕ್ಕ ತೆಗೆದವನ ತಿಳಿವಳಿಕೆ ಒಂದು ದಾರಿ ಹಿಡಿದರೆ ಖಜಾನೆಯ ಅಗತ್ಯ ಇನ್ನೊಂದು ದಾರಿ ಹಿಡಿಯಿತು.

ಇಂಥದೇ ಸನ್ನಿವೇಶ 1817ರಲ್ಲಿ ಮರುಕಳಿಸಿತು. ಆ ವರ್ಷದ ಜೂನ್ ತಿಂಗಳ ಪುಣೆ ಒಪ್ಪಂದದಂತೆ ಪೇಶ್ವೆಯು ರಕ್ಷಣಾ ಸೇನೆಯ ವೆಚ್ಚಕ್ಕಾಗಿ ಧಾರವಾಡ ಸೀಮೆಯನ್ನು ಬಿಟ್ಟುಕೊಟ್ಟಾಗ, ಅದನ್ನು ವಹಿಸಿಕೊಳ್ಳಲು ಮನ್ರೋನೇ ಬಂದನು. ಸೇನಾರಕ್ಷಣೆಗೆ ಒಳಗಾದ ದೇಶೀ ಸಂಸ್ಥಾನಗಳಲ್ಲಿ ಆಡಳಿತ ಸಡಿಲಗೊಂಡು ಹಳ್ಳಿಗಳು ಹಾಳಾಗುತ್ತವೆಂದು ಅದೇ ವರ್ಷ ಗವರ್ನರ್ ಜನರಲ್‌ಗೆ ಬರೆದವನೂ ಆತನೇ ಎಂಬುದು ಗಮನಾರ್ಹ.

ಯುದ್ಧ ಆರಂಭವಾದಾಗ ಆತನ ಬಳಿ ದೊಡ್ಡ ಸೈನ್ಯವಿರಲಿಲ್ಲ. ಸ್ಥಳೀಯ ಅಮಲ್ದಾರರನ್ನು ನೇಮಿಸಿ, ಸಿಬ್ಬಂದಿಯೊಡನೆ ಹಳ್ಳಿಗಳಿಗೆ ಕಳುಹಿಸಿ ಕಂದಾಯ ವಸೂಲಿ ಮಾಡಿಸಿದನು. ಕೋಟೆ ಕೈಸೇರುವ ಮೊದಲೇ ಹಳ್ಳಿಯ ಆದಾಯ ಕೈಸೇರಿತು. 1818ರ ಫೆಬ್ರವರಿಯಲ್ಲಿ ಬಾದಾಮಿ, ಅದರ ಬೆನ್ನಿಗೇ ಬಾಗಲಕೋಟೆ, ಏಪ್ರಿಲ್‌ನಲ್ಲಿ ಬೆಳಗಾವಿ ಶರಣಾದವು.

ಮನ್ರೋ ಹೆಚ್ಚು ಕಾಲ ಇಲ್ಲಿ ನಿಲ್ಲಲಿಲ್ಲ. ಈ ಸೀಮೆಯ ವಿಸ್ತೃತ ಲೆಕ್ಕವನ್ನು ತೆಗೆದವನು ಥಾಮಸ್ ಮಾರ್ಷಲ್. ಬಾಗಲಕೋಟೆ-ಬಾದಾಮಿ ಮತ್ತು ಹುನಗುಂದ ಪರಗಣೆಗಳನ್ನೊಳಗೊಂಡ ಆತನ ಅಂಕಿಅಂಶ ವರದಿಗಳು 1822ರಲ್ಲಿ ಮುಂಬಯಿಯಲ್ಲಿ ಅಚ್ಚಾದವು. ಹುನಗುಂದ ಸೀಮೆಯ ಇಳಕಲ್ಲಿನಂತಹ ನೇಕಾರಿಕೆಯ ಊರಿನ ಬದುಕು ಕೇವಲ ಭೂಮಾಪನದಿಂದ ತಿಳಿಯುವಂಥದ್ದಲ್ಲ. ಆದ್ದರಿಂದ ಹೊಲದ ಲೆಕ್ಕದಾಚೆಗಿನ ಇಂತಹ ವರದಿಗಳಿಗೆ ಪ್ರಾದೇಶಿಕ ಚರಿತ್ರೆಯಲ್ಲಿ ವಿಶೇಷ ಮಹತ್ವವಿದೆ.

1820ರಲ್ಲಿ ಮದರಾಸಿನ ಗವರ್ನರನಾದ ಬಳಿಕವೇ ಮನ್ರೋ ತನ್ನ ಹಳೆಯ ಸೂಚನೆಯಂತೆ ದತ್ತ ಮಂಡಲದ ಕಂದಾಯವನ್ನು ಇಳಿಸಲು ಸಾಧ್ಯವಾಯಿತು. ನಡುವೆ ಕಳೆದುಹೋದ ಹದಿಮೂರು ವರ್ಷಗಳ ಭಾರವನ್ನು ಹೊತ್ತವನು ರೈತ. 1827ರ ಜುಲೈ 6ರಂದು, ಅದೇ ದತ್ತ ಮಂಡಲದ ಪ್ರವಾಸದಲ್ಲಿದ್ದಾಗ, ಪತ್ತಿಕೊಂಡದಲ್ಲಿ ಆತ ಕಾಲರಾದಿಂದ ಮರಣಹೊಂದಿದನು. ರೈತನ ಪರವಾಗಿ ವಾದಿಸಿದ ಈ ಅಧಿಕಾರಿಯ ಲೆಕ್ಕಗಳು ಮೊದಲು ಸೇವೆ ಸಲ್ಲಿಸಿದ್ದು ರಕ್ಷಣೆಯ ಬೆಲೆಯನ್ನು ವಸೂಲು ಮಾಡಿದ ಪ್ರಭುತ್ವಕ್ಕೆ. ಈ ವೈರುಧ್ಯವನ್ನು ಬಿಟ್ಟು ಮನ್ರೋನ ಜೀವನವನ್ನು ಅರಿಯಲಾಗದು.